ಶಾರ್ಕ್ ಮೀನಿನ ಒರಟು ಮೈ ಮತ್ತು ವಿಮಾನದ ಇಂಧನ

ವಿಮಾನಯಾನದ ಸುದ್ದಿಗಳಲ್ಲಿ ಕೆಲವು ವರ್ಷಗಳಿಂದ ಶಾರ್ಕ್ ಮೀನಿನ ಹೆಸರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಜರ್ಮನಿಯ ಲುಫ್ತಾನ್ಸಾ ಸಮೂಹವು ತನ್ನ ಬೋಯಿಂಗ್ 777 ಸರಕು ವಿಮಾನಗಳ ಮೈಗೆ ‘ಏರೋಶಾರ್ಕ್’ ಎಂಬ ತೆಳುವಾದ ಹಾಳೆಯನ್ನು ಅಂಟಿಸಿದೆ. ಸ್ವಿಸ್ ಸಂಸ್ಥೆಯ ಪ್ರಯಾಣಿಕ ವಿಮಾನಗಳಿಗೂ ಅದೇ ಹಾಳೆ ಬಂದಿದೆ. ಜಪಾನಿನ ವಿಮಾನಯಾನ ಸಂಸ್ಥೆಗಳೂ ಇಂಥ ಮೇಲ್ಮೈಯನ್ನು ಬಳಸತೊಡಗಿವೆ. ಶಾರ್ಕ್ ಚರ್ಮದ ಮೇಲಿರುವ ಸಣ್ಣ ಗೀರುಗಳನ್ನು ಅನುಕರಿಸುವ ಈ ಹಾಳೆಯಿಂದ ಇಂಧನದಲ್ಲಿ ಸುಮಾರು ಶೇಕಡ 1ರಷ್ಟು ಉಳಿತಾಯವಾಗುತ್ತದೆ ಎನ್ನುವುದು ಸುದ್ದಿಯ ಸಾರಾಂಶ. ವಿಮಾನ ಕಟ್ಟುವ, ವಿಮಾನಶಾಸ್ತ್ರ ಕಲಿಸುವ ಮತ್ತು ಅದರಿಂದಲೇ ಸಾವಿರಾರು ಮನೆಗಳು ನಡೆಯುವ ಬೆಂಗಳೂರಿನಲ್ಲಿ ಈ ಸುದ್ದಿಯನ್ನು ಓದಿದವರಿಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ.

ನುಣುಪಾದ ಮೇಲ್ಮೈ ಸಲೀಸಾಗಿ ಜಾರುತ್ತದೆ, ಒರಟಾದದ್ದು ತಡೆಯುತ್ತದೆ ಎಂದು ನಾವು ಚಿಕ್ಕಂದಿನಿಂದ ಕಂಡುಕೊಂಡಿದ್ದೇವೆ. ಹಾಗಿರುವಾಗ, ಕೈಗೆ ಉಪ್ಪುಕಾಗದದಂತೆ ತಾಗುವ ಶಾರ್ಕ್ ಚರ್ಮವನ್ನು ಅನುಕರಿಸಿದರೆ ವಿಮಾನಕ್ಕೆ ಗಾಳಿಯ ತಡೆ ಕಡಿಮೆಯಾಗುವುದು ಹೇಗೆ? ಉತ್ತರಕ್ಕಾಗಿ ಮೊದಲು ಆ ಚರ್ಮದ ರಚನೆಯನ್ನು, ಬಳಿಕ ಮೇಲ್ಮೈಯನ್ನು ಸವರಿಕೊಂಡು ಹೋಗುವ ನೀರು ಮತ್ತು ಗಾಳಿಯ ಸ್ವಭಾವವನ್ನು ನೋಡಬೇಕಾಗುತ್ತದೆ.

ಚರ್ಮದ ಮೇಲೆ ಬೆಳೆದ ಹಲ್ಲುಗಳು

ಬೆಂಗಳೂರಿನ ಮೀನು ಮಾರುಕಟ್ಟೆಗಳಲ್ಲಿ ಕಾಣುವ ರೋಹು, ಕಾಟ್ಲಾ ಮೀನುಗಳ ಹುರುಪೆಗಳು ಒಂದರ ಮೇಲೊಂದು ಹೊದ್ದುಕೊಂಡ ತೆಳುವಾದ, ಅಗಲವಾದ ಬಿಲ್ಲೆಗಳು. ಮೀನು ದೊಡ್ಡದಾದಂತೆ ಅವೂ ದೊಡ್ಡವಾಗುತ್ತವೆ. ಕರಾವಳಿಯ ಮನೆಗಳಲ್ಲಿ ತಾಟೆ ಎಂದು ಕರೆಯುವ ಶಾರ್ಕ್ ಮೀನಿನ ಮೈಯಲ್ಲಿ ಅಂಥ ಬಿಲ್ಲೆಗಳು ಕಾಣುವುದಿಲ್ಲ. ತಲೆಯಿಂದ ಬಾಲದ ಕಡೆಗೆ ಕೈಯಾಡಿಸಿದರೆ ಅದು ಸಾಕಷ್ಟು ನಯವಾಗಿರುತ್ತದೆ, ಬಾಲದಿಂದ ತಲೆಯ ಕಡೆಗೆ ಕೈಯೆಳೆದರೆ ಮಾತ್ರ ಚರ್ಮ ತರಚುತ್ತದೆ. ಅದನ್ನು ಅಡುಗೆಗೆ ಸಿದ್ಧಗೊಳಿಸುವವರು ಮೊದಲು ಬಿಸಿನೀರು ಸುರಿದು, ಮೇಲಿನ ಗರಗರ ಪದರವನ್ನು ಕೆರೆದು ತೆಗೆಯುವುದು ಈ ಕಾರಣಕ್ಕೇ.

ಆ ಗರಗರ ಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸಾವಿರಾರು ಪುಟ್ಟ ಹಲ್ಲುಗಳು ಒತ್ತೊತ್ತಾಗಿ ಜೋಡಿಸಿಟ್ಟಂತೆ ಕಾಣುತ್ತವೆ. ಹಲ್ಲು ಎಂಬ ಮಾತನ್ನು ಇಲ್ಲಿ ಅಲಂಕಾರಕ್ಕೆ ಬಳಸಿಲ್ಲ. ಪ್ರತಿಯೊಂದು ಹುರುಪೆಯ ನಡುವೆ ರಕ್ತನಾಳಗಳಿರುವ ಮೆತ್ತನೆಯ ತಿರುಳು, ಅದರ ಸುತ್ತ ಡೆಂಟಿನ್ ಎಂಬ ಗಟ್ಟಿ ವಸ್ತು, ಎಲ್ಲಕ್ಕೂ ಹೊರಗೆ ಎನಾಮೆಲ್‌ನಂಥ ಇನ್ನೂ ಗಡುಸಾದ ಹೊದಿಕೆ ಇರುತ್ತವೆ. ಮನುಷ್ಯರ ಹಲ್ಲಿನ ರಚನೆಯೂ ಇದೇ ಕ್ರಮದಲ್ಲಿದೆ. ಆದ್ದರಿಂದಲೇ ಜೀವವಿಜ್ಞಾನಿಗಳು ಇವನ್ನು ಚರ್ಮದಂತಗಳು ಎನ್ನುತ್ತಾರೆ. ಪಠ್ಯಪುಸ್ತಕಗಳಲ್ಲಿ ಪ್ಲಕಾಯ್ಡ್ ಶಲ್ಕ ಎಂಬ ಹೆಸರೂ ಸಿಗುತ್ತದೆ. ಚರ್ಮದ ಒಳಪದರದಲ್ಲಿ ನಾರುಗಳಿಂದ ಬಿಗಿದ ಒಂದು ಪೀಠ, ಅದರ ಮೇಲೆ ಸಣ್ಣ ಕತ್ತು, ಕತ್ತಿನ ಮೇಲೆ ಬಾಲದ ಕಡೆಗೆ ಬಾಗಿದ ಅಗಲವಾದ ತಲೆ: ಒಂದು ಚರ್ಮದಂತದ ಆಕಾರ ಸಾಮಾನ್ಯವಾಗಿ ಹೀಗಿರುತ್ತದೆ. ಒಮ್ಮೆ ರೂಪುಗೊಂಡ ದಂತ ಮತ್ತೆ ಬೆಳೆಯುವುದಿಲ್ಲ. ಮೀನು ದೊಡ್ಡದಾದಂತೆ ನಡುನಡುವೆ ಹೊಸ ದಂತಗಳು ಮೂಡುತ್ತವೆ, ಸವೆದವು ಉದುರಿ ಅವುಗಳ ಜಾಗದಲ್ಲಿ ಬೇರೆಯವು ಬರುತ್ತವೆ. ಇಂಥ ಹುರುಪೆಗಳ ಪಳೆಯುಳಿಕೆಗಳು 40 ಕೋಟಿ ವರ್ಷಗಳಿಗಿಂತ ಹಳೆಯ ಶಿಲೆಗಳಲ್ಲೂ ದೊರೆತಿವೆ.

ವೇಗವಾಗಿ ಈಜುವ ಶಾರ್ಕ್‌ಗಳಲ್ಲಿ ಚರ್ಮದಂತದ ತಲೆಯ ಮೇಲೆ ಉದ್ದುದ್ದಕ್ಕೆ ಸಣ್ಣ ಏಣುಗಳು ಎದ್ದಿರುತ್ತವೆ. ಒಂದು ಏಣಿಗೂ ಪಕ್ಕದ ಏಣಿಗೂ ನಡುವಿನ ಅಂತರ ಸುಮಾರು 30ರಿಂದ 100 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಸಾಮಾನ್ಯವಾಗಿ 70 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಒಂದು ದಂತದ ಏಣುಗಳು ಹಿಂದಿನ ದಂತದ ಏಣುಗಳೊಂದಿಗೆ ಹೊಂದಿಕೊಂಡು ಸಾಗುವುದರಿಂದ, ಮೈಯುದ್ದಕ್ಕೂ ನೀರು ಹರಿಯುವ ದಿಕ್ಕಿನಲ್ಲೇ ಸಾಲುಗಳು ಮೂಡಿದಂತಾಗುತ್ತದೆ. ಮುಂದೆ ಬರುವ ವಿವರಣೆಯೆಲ್ಲ ನಿಂತಿರುವುದು ಈ ಏಣುಗಳ ಮೇಲೆ.

ಆದರೆ ಎಲ್ಲ ಶಾರ್ಕ್‌ಗಳಲ್ಲೂ, ಒಂದೇ ಶಾರ್ಕಿನ ಮೈಯ ಎಲ್ಲ ಭಾಗಗಳಲ್ಲೂ ಚರ್ಮದಂತಗಳು ಒಂದೇ ಬಗೆಯಲ್ಲಿ ಇರುವುದಿಲ್ಲ. ಮೂತಿಯ ತುದಿಯಲ್ಲಿ ಅವು ಏಣಿಲ್ಲದ ದುಂಡನೆಯ ಗುಂಡಿಗಳಂತಿರುತ್ತವೆ, ಪಕ್ಕೆಗಳಲ್ಲಿ ತೆಳುವಾಗಿ ಏಣುಗಳಿಂದ ಕೂಡಿರುತ್ತವೆ. ಕಡಲ ತಳದ ಕಲ್ಲುಗಳ ನಡುವೆ ಬದುಕುವ ಜಾತಿಗಳಲ್ಲಿ ದಪ್ಪಗೆ ಬೆಳೆದು ರಕ್ಷಾಕವಚದ ಕೆಲಸ ಮಾಡುತ್ತವೆ. ಗಾಢ ಸಮುದ್ರದಲ್ಲಿ ಮೈಯಿಂದ ಬೆಳಕು ಹೊಮ್ಮಿಸುವ ಕೆಲವು ಜಾತಿಗಳಲ್ಲಿ ಬೆಳಕು ಹೊರಬರಲು ನಡುವೆ ಜಾಗ ಬಿಟ್ಟು ಮುಳ್ಳಿನಂತೆ ನಿಂತಿರುತ್ತವೆ. ಗುಜರಾತಿನ ಕರಾವಳಿಗೆ ಬರುವ ದೈತ್ಯ ತಿಮಿಂಗಿಲ ಶಾರ್ಕಿನ ಕಣ್ಣುಗುಡ್ಡೆಯ ಮೇಲೂ ಚರ್ಮದಂತಗಳಿವೆ ಎಂಬುದನ್ನು ಜಪಾನಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ರೆಪ್ಪೆಯಿಲ್ಲದ ಆ ಕಣ್ಣಿಗೆ ಅದೇ ರಕ್ಷಣೆ ಇರಬೇಕೆಂಬುದು ಅವರ ಅಭಿಪ್ರಾಯ. ಒಟ್ಟಿನಲ್ಲಿ ಚರ್ಮದಂತಗಳಿಗೆ ಹಲವು ಕೆಲಸಗಳಿವೆ, ನೀರಿನ ತಡೆಯನ್ನು ತಗ್ಗಿಸುವುದು ಅವುಗಳಲ್ಲಿ ಒಂದು. ಶಾರ್ಕಿನ ಚರ್ಮವೆಲ್ಲ ವೇಗಕ್ಕಾಗಿಯೇ ಇದೆ ಎಂಬ ಜನಪ್ರಿಯ ಮಾತನ್ನು ಆದ್ದರಿಂದ ಅಕ್ಷರಶಃ ತೆಗೆದುಕೊಳ್ಳಬಾರದು.

ದಂತಗಳ ಕೆಳಗಿನ ನಾರುಗಳು

ಚರ್ಮದಂತಗಳು ನೆಟ್ಟಿರುವ ಒಳಪದರವೂ ಗಮನಿಸಬೇಕಾದದ್ದೇ. ಅಲ್ಲಿ ಕೊಲಾಜೆನ್ ನಾರುಗಳು ಎರಡು ದಿಕ್ಕುಗಳಲ್ಲಿ ಓರೆಯಾಗಿ, ಒಂದನ್ನೊಂದು ಹಾಯುತ್ತಾ ಮೈಯನ್ನು ಸುತ್ತಿಕೊಂಡಿರುತ್ತವೆ. ಶಾರ್ಕ್ ವೇಗ ಹೆಚ್ಚಿಸಿದಂತೆ ಚರ್ಮದ ಒಳಗಿನ ಒತ್ತಡ ಏರಿ, ಈ ನಾರುಗಳು ಬಿಗಿದುಕೊಂಡು, ಇಡೀ ಚರ್ಮ ಸೆಟೆದುಕೊಳ್ಳುತ್ತದೆ ಎಂಬುದನ್ನು 1978ರಲ್ಲಿ ಅಮೆರಿಕದ ಸಂಶೋಧಕರು ಅಳೆದು ತೋರಿಸಿದರು. ಈಜುವ ಸ್ನಾಯುಗಳು ಚರ್ಮಕ್ಕೂ ಅಂಟಿಕೊಂಡಿರುವುದರಿಂದ ಸ್ನಾಯುವಿನ ಬಲವನ್ನು ಬಾಲಕ್ಕೆ ಸಾಗಿಸುವ ಹೊರಗಿನ ಸ್ನಾಯುರಜ್ಜುವಿನಂತೆ ಚರ್ಮವೇ ಕೆಲಸ ಮಾಡುತ್ತದೆ. ಎಂಜಿನಿಯರುಗಳು ಇದುವರೆಗೆ ಹೆಚ್ಚಾಗಿ ಅನುಕರಿಸಿರುವುದು ಮೇಲಿನ ಏಣುಗಳನ್ನು. ಈ ಒಳಪದರದ ಕಡೆಗೆ ಅವರ ಗಮನ ಇನ್ನೂ ಅಷ್ಟಾಗಿ ಹರಿದಿಲ್ಲ.

ನೀರು ಮತ್ತು ಗಾಳಿ ತಡೆಯುವುದು ಹೇಗೆ

ನೀರಿನಲ್ಲಿ ಅಥವಾ ಗಾಳಿಯಲ್ಲಿ ಚಲಿಸುವ ಯಾವುದೇ ವಸ್ತುವಿಗೆ ಮುಖ್ಯವಾಗಿ ಎರಡು ಬಗೆಯ ತಡೆ ಎದುರಾಗುತ್ತದೆ. ಮೊದಲನೆಯದು ಆಕಾರದಿಂದ ಬರುವ ತಡೆ. ವಸ್ತುವಿನ ಹಿಂಭಾಗದಲ್ಲಿ ಹರಿವು ಮೇಲ್ಮೈಯನ್ನು ಬಿಟ್ಟು ಸರಿದಾಗ ಅಲ್ಲಿ ಒತ್ತಡ ಕಡಿಮೆಯಾಗಿ, ವಸ್ತುವನ್ನು ಹಿಂದಕ್ಕೆ ಎಳೆಯುತ್ತದೆ. ಎರಡನೆಯದು ಮೇಲ್ಮೈಯ ಘರ್ಷಣೆಯಿಂದ ಬರುವ ತಡೆ. ನೀರಿಗೂ ಗಾಳಿಗೂ ಸ್ನಿಗ್ಧತೆ ಇದೆ, ಅಂದರೆ ಅವುಗಳ ಪದರಗಳು ಒಂದನ್ನೊಂದು ಹಿಡಿದೆಳೆಯುವ ಗುಣ ಇದೆ. ಮೇಲ್ಮೈಗೆ ತಾಗಿರುವ ಪದರ ಮೇಲ್ಮೈಯೊಂದಿಗೇ ಅಂಟಿಕೊಂಡಿರುತ್ತದೆ. ಅದರಿಂದ ಸ್ವಲ್ಪ ಸ್ವಲ್ಪವೇ ದೂರ ಹೋದಂತೆ ಹರಿವಿನ ವೇಗ ಹೆಚ್ಚುತ್ತಾ, ಕೊನೆಗೆ ಹೊರಗಿನ ಪೂರ್ಣ ವೇಗವನ್ನು ಮುಟ್ಟುತ್ತದೆ. ವೇಗ ಹೀಗೆ ಬದಲಾಗುವ ತೆಳುವಾದ ವಲಯವನ್ನು ಗಡಿ ಪದರ ಎನ್ನುತ್ತಾರೆ. ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ ಈ ಪರಿಕಲ್ಪನೆಯನ್ನು 1904ರಲ್ಲಿ ಮಂಡಿಸಿದರು. ವಿಮಾನಶಾಸ್ತ್ರದ ಬಹುಪಾಲು ಲೆಕ್ಕಗಳಿಗೆ ಇಂದಿಗೂ ಅದೇ ಆಧಾರ.

ಮೇಲ್ಮೈಯ ಘರ್ಷಣೆಯನ್ನು ನೇರವಾಗಿ ಅಳೆಯುವುದು ಬಹಳ ಕಷ್ಟದ ಕೆಲಸ. ಆ ಕೆಲಸದಲ್ಲಿ ಮುಂದಿದ್ದವರಲ್ಲಿ ಒಬ್ಬರು, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಇಸ್ರೋ ಅಧ್ಯಕ್ಷರೂ ಆದ ಸತೀಶ್ ಧವನ್. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರು ಮೇಲ್ಮೈಯ ಒಂದು ಸಣ್ಣ ತುಂಡನ್ನು ಉಳಿದ ಭಾಗದಿಂದ ಬೇರ್ಪಡಿಸಿ, ಗಾಳಿ ಅದನ್ನು ಎಷ್ಟು ಬಲದಿಂದ ಎಳೆಯುತ್ತದೆ ಎಂಬುದನ್ನು ನೇರವಾಗಿ ಅಳೆಯುವ ಉಪಕರಣವನ್ನು ರೂಪಿಸಿದರು. ಶಬ್ದಕ್ಕಿಂತ ಕಡಿಮೆ ವೇಗದಲ್ಲೂ ಹೆಚ್ಚಿನ ವೇಗದಲ್ಲೂ ಅವರು ಮಾಡಿದ ಅಳತೆಗಳು 1953ರಲ್ಲಿ ಅಮೆರಿಕ ಸರ್ಕಾರದ ವಿಮಾನಶಾಸ್ತ್ರ ಸಲಹಾ ಸಮಿತಿಯ ವರದಿಯಾಗಿ ಹೊರಬಂದವು. ಧವನ್ ಅವರನ್ನು ರಾಕೆಟ್‌ಗಳ ಮೂಲಕವೇ ನೆನೆಯುವ ನಾವು, ಅವರ ಈ ಸೂಕ್ಷ್ಮವಾದ ಆರಂಭದ ಕೆಲಸವನ್ನೂ ಅಷ್ಟೇ ಗೌರವದಿಂದ ನೆನೆಯಬೇಕು ಎಂದು ನನಗೆ ಅನ್ನಿಸುತ್ತದೆ. ದೊಡ್ಡ ಪ್ರಯಾಣಿಕ ವಿಮಾನವೊಂದು ಎತ್ತರದಲ್ಲಿ ಸಮವೇಗದಿಂದ ಹಾರುವಾಗ ಎದುರಿಸುವ ಒಟ್ಟು ತಡೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಘರ್ಷಣೆಯಿಂದಲೇ ಬರುತ್ತದೆ.

ಗಡಿ ಪದರದೊಳಗಿನ ಹರಿವು ಎರಡು ರೀತಿಯಲ್ಲಿರಬಹುದು. ಪದರಗಳು ಒಂದರ ಮೇಲೊಂದು ಶಾಂತವಾಗಿ ಜಾರುತ್ತಾ ಸಾಗಿದರೆ ಅದು ಸ್ತರೀಯ ಹರಿವು. ಸುಳಿಗಳೆದ್ದು, ಪದರಗಳು ಬೆರೆತು, ಅಡ್ಡಾದಿಡ್ಡಿಯಾಗಿ ಸಾಗಿದರೆ ಅದು ಪ್ರಕ್ಷುಬ್ಧ ಹರಿವು. ಆಸ್ಬೋರ್ನ್ ರೆನಾಲ್ಡ್ಸ್ 1883ರಲ್ಲಿ ಗಾಜಿನ ಕೊಳವೆಯ ನೀರಿಗೆ ಬಣ್ಣದ ಎಳೆಯೊಂದನ್ನು ಬಿಟ್ಟು, ವೇಗ ಹೆಚ್ಚಿದಾಗ ಆ ಎಳೆ ಒಡೆದು ಚೆದುರುವುದನ್ನು ತೋರಿಸಿದ್ದರು. ವಿಮಾನದ ಮೈಯ ಬಹುಭಾಗದಲ್ಲೂ ವೇಗವಾಗಿ ಸಾಗುವ ದೊಡ್ಡ ಶಾರ್ಕಿನ ಮೈಯಲ್ಲೂ ಹರಿವು ಪ್ರಕ್ಷುಬ್ಧವಾಗಿರುತ್ತದೆ. ಪ್ರಕ್ಷುಬ್ಧ ಹರಿವಿನಲ್ಲಿ ಘರ್ಷಣೆ ಹೆಚ್ಚು, ಏಕೆಂದರೆ ಸುಳಿಗಳು ಹೊರಗಿನ ವೇಗದ ಗಾಳಿಯನ್ನು ಕೆಳಗೆ ತಂದು ಮೇಲ್ಮೈಗೆ ಉಜ್ಜುತ್ತವೆ, ಮೇಲ್ಮೈಯ ಬಳಿಯ ನಿಧಾನದ ಗಾಳಿಯನ್ನು ಮೇಲಕ್ಕೆ ಎಸೆಯುತ್ತವೆ.

ಈ ಸುಳಿಗಳಿಗೂ ಒಂದು ವ್ಯವಸ್ಥೆ ಇದೆ ಎಂಬುದು ಆಮೇಲೆ ತಿಳಿಯಿತು. 1967ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ನೀರಿನಲ್ಲಿ ಸೂಕ್ಷ್ಮ ಗುಳ್ಳೆಗಳನ್ನು ಬಿಟ್ಟು ನೋಡಿದಾಗ, ಮೇಲ್ಮೈಯ ತೀರಾ ಹತ್ತಿರದಲ್ಲಿ ವೇಗದ ಮತ್ತು ನಿಧಾನದ ಹರಿವಿನ ಉದ್ದನೆಯ ಪಟ್ಟಿಗಳು ಅಕ್ಕಪಕ್ಕದಲ್ಲಿ ಸಾಗುವುದು ಕಂಡಿತು. ಹರಿವಿನ ದಿಕ್ಕಿನಲ್ಲೇ ಚಾಚಿಕೊಂಡು, ತಮ್ಮ ಅಕ್ಷದ ಸುತ್ತ ತಿರುಗುವ ಸುಳಿಗಳು ಈ ಪಟ್ಟಿಗಳೊಂದಿಗೆ ಹೆಣೆದುಕೊಂಡಿರುತ್ತವೆ. ತಿರುಗುವಾಗ ಅವು ಮೇಲ್ಮೈಯ ಮೇಲೆ ಅಡ್ಡಡ್ಡಕ್ಕೂ ನೀರನ್ನು ತಳ್ಳುತ್ತವೆ. ಈ ಅಡ್ಡ ಚಲನೆಯನ್ನು ತಡೆದರೆ ಸುಳಿಗಳ ಕಾಟ ತಗ್ಗಬಹುದಲ್ಲವೇ? ಶಾರ್ಕಿನ ಏಣುಗಳ ಗುಟ್ಟು ಇಲ್ಲಿದೆ.

ಏಣುಗಳು ಮಾಡುವ ಕೆಲಸ

ನೇಗಿಲಿನಿಂದ ಸಾಲು ಹೊಡೆದ ಹೊಲದ ಮೇಲೆ ಒಂದು ದೊಡ್ಡ ಕುಂಬಳಕಾಯಿಯನ್ನು ಇಟ್ಟರೆ ಅದು ಸಾಲುಗಳ ದಿಂಡಿನ ಮೇಲಷ್ಟೇ ಕೂರುತ್ತದೆ, ಸಾಲಿನ ತಳಕ್ಕೆ ತಾಗುವುದಿಲ್ಲ. ಅದೇ ಸಾಲುಗಳು ಅಗಲವಾಗಿದ್ದರೆ ಕುಂಬಳಕಾಯಿ ನೇರ ಒಳಗೆ ಇಳಿಯುತ್ತದೆ. ಶಾರ್ಕಿನ ಮೈಮೇಲೆ ತಿರುಗುವ ಸುಳಿಯನ್ನು ಆ ಕುಂಬಳಕಾಯಿಯ ಸ್ಥಾನದಲ್ಲಿ ಊಹಿಸಿಕೊಳ್ಳಬಹುದು. ಏಣುಗಳ ನಡುವಿನ ಅಂತರ ಸುಳಿಯ ವ್ಯಾಸಕ್ಕಿಂತ ಸಾಕಷ್ಟು ಚಿಕ್ಕದಾಗಿದ್ದರೆ ಸುಳಿ ಏಣುಗಳ ತುದಿಯ ಮೇಲೆಯೇ ಉಳಿಯುತ್ತದೆ. ಕಣಿವೆಗಳೊಳಗೆ ನಿಧಾನವಾಗಿ ಸಾಗುವ ನೀರು ಮಾತ್ರ ಇರುತ್ತದೆ, ಅಲ್ಲಿ ಘರ್ಷಣೆ ಅತ್ಯಲ್ಪ. ಸುಳಿ ಅಡ್ಡಕ್ಕೆ ಹೊರಳಲು ನೋಡಿದಾಗಲೆಲ್ಲ ಏಣು ಎದುರಾಗುವುದರಿಂದ ಅಡ್ಡ ಹರಿವೂ ಕುಗ್ಗುತ್ತದೆ.

ಏಣುಗಳಿಂದಾಗಿ ನೀರಿಗೆ ತಾಗುವ ಒಟ್ಟು ಮೇಲ್ಮೈಯ ವಿಸ್ತೀರ್ಣ ಹೆಚ್ಚುತ್ತದೆ ಎಂಬುದು ನಿಜ; ಮೊದಲಿಗೆ ಅನೇಕರು ಇದರ ಮೇಲೆಯೇ ಸಂದೇಹಪಟ್ಟರು. ಆದರೆ ಹೆಚ್ಚಿದ ವಿಸ್ತೀರ್ಣದ ಬಹುಪಾಲು ನಿಧಾನದ ನೀರಿರುವ ಕಣಿವೆಗಳಲ್ಲೇ ಇದೆ. ತೀವ್ರ ಘರ್ಷಣೆ ಬೀಳುವುದು ಏಣುಗಳ ಚೂಪಾದ ತುದಿಗಳ ಮೇಲೆ, ಅವುಗಳ ವಿಸ್ತೀರ್ಣವೋ ಬಹಳ ಕಡಿಮೆ. ಲಾಭ ನಷ್ಟಗಳನ್ನು ಕೂಡಿ ಕಳೆದಾಗ ಒಟ್ಟು ಘರ್ಷಣೆ ಇಳಿಯುತ್ತದೆ. ಏಣುಗಳ ಅಂತರ ಹದ ತಪ್ಪಿ ಹೆಚ್ಚಾದರೆ ಸುಳಿಗಳು ಕಣಿವೆಗೆ ಇಳಿಯುತ್ತವೆ, ಆಗ ಹೆಚ್ಚಿದ ವಿಸ್ತೀರ್ಣವೆಲ್ಲ ನಷ್ಟವಾಗಿ ಪರಿಣಮಿಸಿ, ನುಣುಪಾದ ಮೇಲ್ಮೈಗಿಂತ ತಡೆ ಜಾಸ್ತಿಯಾಗುತ್ತದೆ. ಯಾವ ಒರಟುತನವಾದರೂ ಸರಿ ಎನ್ನುವಂತಿಲ್ಲ. ನಿರ್ದಿಷ್ಟ ದಿಕ್ಕು, ನಿರ್ದಿಷ್ಟ ಆಕಾರ, ನಿರ್ದಿಷ್ಟ ಅಂತರ ಇರುವ ಒರಟುತನ ಮಾತ್ರ ಉಪಯೋಗಕ್ಕೆ ಬರುತ್ತದೆ.

ಆ ಹದವನ್ನು ನಿರ್ಧರಿಸುವುದು ಸುಳಿಗಳ ಗಾತ್ರ. ಸುಳಿಗಳ ಗಾತ್ರವನ್ನು ನಿರ್ಧರಿಸುವುದು ಹರಿವಿನ ವೇಗ ಮತ್ತು ಸ್ನಿಗ್ಧತೆ. ವೇಗ ಹೆಚ್ಚಿದರೆ ಸುಳಿಗಳು ಸಣ್ಣವಾಗುತ್ತವೆ, ಸಾಂದ್ರತೆಗೆ ಹೋಲಿಸಿದ ಸ್ನಿಗ್ಧತೆ ಹೆಚ್ಚಿದರೆ ದೊಡ್ಡವಾಗುತ್ತವೆ. ಗಾಳಿ ನೀರಿಗಿಂತ ಕಡಿಮೆ ಸ್ನಿಗ್ಧವಾದದ್ದು ಎಂದು ನಮಗೆ ತೋರುತ್ತದೆ. ಆದರೆ ಅದು ತೀರಾ ಹಗುರವಾದ್ದರಿಂದ, ಸಾಂದ್ರತೆಗೆ ಹೋಲಿಸಿ ನೋಡಿದಾಗ 10 ಕಿಲೋಮೀಟರ್ ಎತ್ತರದ ಗಾಳಿಯ ಸ್ನಿಗ್ಧತೆ ನೀರಿನದಕ್ಕಿಂತ ಸುಮಾರು 35 ಪಟ್ಟು ಹೆಚ್ಚು. ಇತ್ತ, ಸೆಕೆಂಡಿಗೆ 5 ಮೀಟರ್ ಈಜುವ ಶಾರ್ಕಿಗೆ ಹೋಲಿಸಿದರೆ ಸೆಕೆಂಡಿಗೆ 250 ಮೀಟರ್ ಸಾಗುವ ವಿಮಾನದ ವೇಗ 50 ಪಟ್ಟು. ಈ ಎರಡು ವ್ಯತ್ಯಾಸಗಳು ಒಂದನ್ನೊಂದು ಬಹುಮಟ್ಟಿಗೆ ಸರಿದೂಗಿಸುವುದರಿಂದ, ಶಾರ್ಕಿಗೂ ವಿಮಾನಕ್ಕೂ ಬೇಕಾದ ಏಣುಗಳ ಅಂತರ 50ರಿಂದ 100 ಮೈಕ್ರಾನ್ ಆಸುಪಾಸಿನಲ್ಲೇ ಬಂದು ನಿಲ್ಲುತ್ತದೆ. ಕಡಲಿನ ಜೀವಿಯೊಂದರ ಮೈಯ ಅಳತೆ ಆಕಾಶದಲ್ಲಿ ಹಾರುವ ಯಂತ್ರಕ್ಕೂ ಹೆಚ್ಚುಕಡಿಮೆ ಹಾಗೆಯೇ ಹೊಂದಿಕೊಳ್ಳುವ ಈ ಸಂಗತಿಯೇ ಇಡೀ ವಿಷಯದಲ್ಲಿ ನನಗೆ ಅತ್ಯಂತ ಬೆರಗು ಹುಟ್ಟಿಸುವಂಥದ್ದು.

ಪ್ರಯೋಗಾಲಯಗಳಲ್ಲಿ, ಬೆಂಗಳೂರಿನಲ್ಲೂ

ಏಣುಗಳಿರುವ ಇಂಥ ಮೇಲ್ಮೈಯನ್ನು ಎಂಜಿನಿಯರುಗಳು ರಿಬ್ಲೆಟ್ ಎನ್ನುತ್ತಾರೆ. 1970ರ ದಶಕದ ಕೊನೆಯಿಂದ ಅಮೆರಿಕದ ನಾಸಾ ಲ್ಯಾಂಗ್ಲಿ ಕೇಂದ್ರದಲ್ಲಿ ಮೈಕೆಲ್ ವಾಲ್ಶ್ ಮತ್ತು ಸಂಗಡಿಗರು ಅನೇಕ ಆಕಾರದ ಏಣುಗಳನ್ನು ಪರೀಕ್ಷಿಸಿ, ಘರ್ಷಣೆಯನ್ನು ಶೇಕಡ 8ರವರೆಗೆ ಇಳಿಸಬಹುದೆಂದು ತೋರಿಸಿದರು. ಅದೇ ಕಾಲದಲ್ಲಿ ಜರ್ಮನಿಯ ಪಳೆಯುಳಿಕೆ ತಜ್ಞ ವೋಲ್ಫ್-ಅರ್ನ್‌ಸ್ಟ್ ರೈಫ್ ಶಾರ್ಕ್ ಹುರುಪೆಗಳ ಏಣುಗಳನ್ನು ವಿವರವಾಗಿ ಅಭ್ಯಸಿಸುತ್ತಿದ್ದರು. ಬರ್ಲಿನ್‌ನಲ್ಲಿ ಡೀಟ್ರಿಕ್ ಬೆಕರ್ಟ್ ಅವರ ತಂಡ ನೀರಿನ ಬದಲು ಎಣ್ಣೆ ಹರಿಯುವ ಕಾಲುವೆಯನ್ನು ಕಟ್ಟಿತು. ಎಣ್ಣೆಯ ಸ್ನಿಗ್ಧತೆ ಹೆಚ್ಚಿರುವುದರಿಂದ ಅದರಲ್ಲಿ ಸುಳಿಗಳು ದೊಡ್ಡವಾಗುತ್ತವೆ. ಆದ್ದರಿಂದ ಕೂದಲೆಳೆಯ ಅಂತರದ ಏಣುಗಳನ್ನು ಕೊರೆಯುವ ಕಷ್ಟವಿಲ್ಲದೆ, ಮಿಲಿಮೀಟರುಗಳ ಅಳತೆಯ ಏಣುಗಳನ್ನೇ ನಿಖರವಾಗಿ ಬದಲಾಯಿಸುತ್ತಾ ಪರೀಕ್ಷಿಸಲು ಸಾಧ್ಯವಾಯಿತು. ತೆಳುವಾದ ಅಲಗಿನಂಥ ಏಣುಗಳಿಂದ ಅವರಿಗೆ ಶೇಕಡ 10ಕ್ಕೆ ತೀರಾ ಹತ್ತಿರದ ಇಳಿಕೆ ದೊರೆಯಿತು. ಏಣಿನ ಎತ್ತರ ಅಂತರದ ಅರ್ಧದಷ್ಟಿದ್ದಾಗ ಫಲ ಅತ್ಯುತ್ತಮ ಎಂಬ ತೀರ್ಮಾನವೂ ಆ ಪ್ರಯೋಗಗಳಿಂದಲೇ ಬಂದದ್ದು.

ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಅಂದರೆ ಎನ್‌ಎಎಲ್, ಈ ವಿಷಯದಲ್ಲಿ ಮಾಡಿದ ಕೆಲಸ ನಮ್ಮ ಊರಿನಲ್ಲೇ ಅಷ್ಟಾಗಿ ಪರಿಚಿತವಲ್ಲ. ಪಿ. ಆರ್. ವಿಶ್ವನಾಥ್ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ವಿಮಾನದ ರೆಕ್ಕೆಯ ಅಡ್ಡಕೊಯ್ತದ ಆಕಾರವಿರುವ ಮಾದರಿಗಳಿಗೆ ರಿಬ್ಲೆಟ್ ಹಾಳೆಯನ್ನು ಅಂಟಿಸಿ ಗಾಳಿ ಸುರಂಗದಲ್ಲಿ ಪರೀಕ್ಷಿಸಿದರು. ಸಪಾಟು ಹಲಗೆಯ ಮೇಲೆ ಸಿಗುವ ಲಾಭ, ಒತ್ತಡ ಜಾಗದಿಂದ ಜಾಗಕ್ಕೆ ಬದಲಾಗುವ ಬಾಗಿದ ರೆಕ್ಕೆಯ ಮೇಲೂ ಸಿಗುತ್ತದೆಯೇ ಎಂಬುದು ವಿಮಾನ ಕಟ್ಟುವವರಿಗೆ ಬಹಳ ಮುಖ್ಯವಾದ ಪ್ರಶ್ನೆಯಾಗಿತ್ತು. ಸಿಗುತ್ತದೆ ಎಂಬುದೇ ಆ ಪ್ರಯೋಗಗಳ ಉತ್ತರ. ವಿಶ್ವನಾಥ್ ಅವರು 2002ರಲ್ಲಿ ಪ್ರಕಟಿಸಿದ ಸಮೀಕ್ಷಾ ಲೇಖನವು ಜಗತ್ತಿನ ಹಲವೆಡೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ, ರೆಕ್ಕೆಯ ಮಾದರಿಗಳಲ್ಲಿ ಮೇಲ್ಮೈ ಘರ್ಷಣೆ ಶೇಕಡ 5ರಿಂದ 8ರಷ್ಟು ಇಳಿಯುತ್ತದೆಂದೂ, ಇಡೀ ವಿಮಾನದ ಮಾದರಿಗೆ ಅನ್ವಯಿಸಿದಾಗ ಒಟ್ಟು ತಡೆಯಲ್ಲಿ ಸುಮಾರು ಶೇಕಡ 2ರಿಂದ 3ರಷ್ಟು ಉಳಿತಾಯ ನಿರೀಕ್ಷಿಸಬಹುದೆಂದೂ ವಿವರಿಸಿತು. ಈ ಕ್ಷೇತ್ರದ ಸಂಶೋಧಕರು ಅದನ್ನು ಇಂದಿಗೂ ಉಲ್ಲೇಖಿಸುತ್ತಾರೆ.

ದೋಣಿಯಿಂದ ವಿಮಾನಕ್ಕೆ

ಪ್ರಯೋಗಾಲಯದಿಂದ ಹೊರಗೆ ರಿಬ್ಲೆಟ್ ಮೊದಲು ಹೆಸರು ಮಾಡಿದ್ದು ನೀರಿನ ಮೇಲೆ. 3ಎಂ ಕಂಪನಿ ತಯಾರಿಸಿದ ಏಣಿನ ಹಾಳೆಯನ್ನು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಹುಟ್ಟು ದೋಣಿಗೂ, 1987ರಲ್ಲಿ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಲ್ಲಿ ನಡೆದ ಅಮೆರಿಕಾಸ್ ಕಪ್ ಪಂದ್ಯವನ್ನು ಗೆದ್ದ ‘ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್’ ಹಾಯಿದೋಣಿಗೂ ಅಂಟಿಸಲಾಗಿತ್ತು. 1989ರಲ್ಲಿ ಏರ್‌ಬಸ್ ಕಂಪನಿ ಒಂದು ಎ320 ವಿಮಾನದ ಸುಮಾರು ಶೇಕಡ 70ರಷ್ಟು ಮೈಗೆ ಹಾಳೆ ಅಂಟಿಸಿ ಹಾರಿಸಿತು. ಇಂಧನದಲ್ಲಿ ಶೇಕಡ 1ರಿಂದ 2ರಷ್ಟು ಉಳಿತಾಯ ಕಂಡಿತು.

ಅಷ್ಟೊಂದು ಹಿಂದೆಯೇ ಇದು ಸಾಧ್ಯವೆಂದು ತಿಳಿದಿದ್ದರೂ ವಿಮಾನಗಳಿಗೆ ಬರಲು ಮೂರು ದಶಕ ಏಕೆ ಬೇಕಾಯಿತು? ವಿಮಾನದ ಮೈ ಒಂದೇ ಹಾರಾಟದಲ್ಲಿ ರನ್‌ವೇಯ ಬಿಸಿಯನ್ನೂ, ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಚಳಿಯನ್ನೂ, ಎತ್ತರದ ತೀವ್ರ ಅತಿನೇರಳೆ ಕಿರಣಗಳನ್ನೂ ಎದುರಿಸುತ್ತದೆ. ಧೂಳು, ಕೀಟ, ಎಣ್ಣೆ ಏಣುಗಳ ನಡುವೆ ತುಂಬಿಕೊಂಡರೆ ಲಾಭ ಕರಗಿಹೋಗುತ್ತದೆ. ಹಾಳೆಯ ತೂಕ ಹೆಚ್ಚಾದರೆ ಉಳಿಸಿದ ಇಂಧನವನ್ನು ಅದೇ ತಿಂದುಹಾಕುತ್ತದೆ. ಏಣುಗಳು ಹರಿವಿನ ದಿಕ್ಕಿಗೆ ಹೊಂದಿಕೊಂಡಿರಬೇಕು: ಸುಮಾರು 15 ಡಿಗ್ರಿಯವರೆಗಿನ ಓರೆಯನ್ನು ಅವು ಸಹಿಸಿಕೊಳ್ಳುತ್ತವೆ, 30 ಡಿಗ್ರಿ ದಾಟಿದರೆ ಪ್ರಯೋಜನವೇ ಉಳಿಯುವುದಿಲ್ಲ. ಆದ್ದರಿಂದ ವಿಮಾನದ ಪ್ರತಿಯೊಂದು ಭಾಗದಲ್ಲಿ ಗಾಳಿ ಯಾವ ದಿಕ್ಕಿನಲ್ಲಿ ಹರಿಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಹಾಳೆಯ ತುಂಡುಗಳನ್ನು ಜೋಡಿಸಬೇಕಾಗುತ್ತದೆ. ಬಣ್ಣ, ತಪಾಸಣೆ, ದುರಸ್ತಿಗಳ ದಿನಚರಿಗೂ ಅದು ಅಡ್ಡಿಯಾಗಬಾರದು.

ಲುಫ್ತಾನ್ಸಾ ಟೆಕ್ನಿಕ್ ಮತ್ತು ಬಿಎಎಸ್‌ಎಫ್ ಕಂಪನಿಗಳು ಸೇರಿ ರೂಪಿಸಿದ ಏರೋಶಾರ್ಕ್ ಹಾಳೆಯ ಏಣುಗಳ ಅಳತೆ ಸುಮಾರು 50 ಮೈಕ್ರಾನ್. ಬೋಯಿಂಗ್ 777 ವಿಮಾನಗಳಿಗೆ ಅದನ್ನು ಬಳಸಲು ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ಅನುಮತಿ ನೀಡಿತು. ಶೇಕಡ 1 ಎಂಬುದು ಕೇಳಲು ಚಿಕ್ಕದು. ಆದರೆ ಆ ಗಾತ್ರದ ವಿಮಾನವು ಗಂಟೆಗೆ 7 ಟನ್ನಿನಷ್ಟು ಇಂಧನ ಉರಿಸುತ್ತದೆ ಎಂದಿಟ್ಟುಕೊಂಡರೆ, ಹತ್ತು ಗಂಟೆಗಳ ಒಂದೇ ಪ್ರಯಾಣದಲ್ಲಿ ಉಳಿಯುವುದು ಸುಮಾರು 700 ಕಿಲೋ. ಇದು ವರ್ಷವಿಡೀ, ಪ್ರತಿ ಹಾರಾಟದಲ್ಲೂ ಸಿಗುವ ಉಳಿತಾಯ. ಎಂಜಿನ್ ಬದಲಾಯಿಸದೆ, ರೆಕ್ಕೆಯ ವಿನ್ಯಾಸ ಮುಟ್ಟದೆ, ಈಗಾಗಲೇ ಹಾರುತ್ತಿರುವ ಹಳೆಯ ವಿಮಾನಕ್ಕೇ ಇದನ್ನು ಕೊಡಬಹುದು ಎಂಬುದರಲ್ಲಿ ಅದರ ನಿಜವಾದ ಬೆಲೆ ಇದೆ.

ಈಜುಡುಗೆಯ ಕಥೆ

ಶಾರ್ಕ್ ಚರ್ಮ ಎಂದೊಡನೆ ಹಲವರಿಗೆ ನೆನಪಾಗುವುದು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಹೆಸರಾದ ಸ್ಪೀಡೋ ಫಾಸ್ಟ್‌ಸ್ಕಿನ್ ಈಜುಡುಗೆ. ಅದರ ಬಟ್ಟೆ ಶಾರ್ಕ್ ಚರ್ಮದಂತೆ ಕೆಲಸ ಮಾಡುತ್ತದೆ ಎಂಬ ಪ್ರಚಾರವಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದ ಜಾರ್ಜ್ ಲಾಡರ್ ಮತ್ತು ಯೊಹಾನೆಸ್ ಓಫ್ನರ್ ಇದನ್ನು ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಟ್ಟೆಯ ಮೇಲ್ಮೈಯ ವಿನ್ಯಾಸದಿಂದ ವೇಗಕ್ಕೆ ನೆರವಾಗುವುದು ಅವರಿಗೆ ಕಾಣಲಿಲ್ಲ. ಆ ಉಡುಗೆಗಳಿಂದ ಈಜುಗಾರರಿಗೆ ಏನಾದರೂ ಲಾಭವಾಗಿದ್ದರೆ ಅದಕ್ಕೆ ಮೈಯನ್ನು ಬಿಗಿದು ನೇರವಾಗಿಡುವಂಥ ಬೇರೆ ಕಾರಣಗಳಿರಬೇಕು. ಆದರೆ ಅದೇ ಪ್ರಯೋಗದಲ್ಲಿ ನಿಜವಾದ ಶಾರ್ಕ್ ಚರ್ಮವನ್ನು ಹೊದಿಸಿ, ಮೀನಿನಂತೆ ಬಳುಕುವ ಪಟ್ಟಿಯೊಂದನ್ನು ನೀರಿನಲ್ಲಿ ಈಜಿಸಿದಾಗ, ಚರ್ಮದಂತಗಳನ್ನು ಉಜ್ಜಿ ತೆಗೆದ ಪಟ್ಟಿಗಿಂತ ಅದು ಸರಾಸರಿ ಶೇಕಡ 12ರಷ್ಟು ವೇಗವಾಗಿ ಸಾಗಿತು. ಬಳುಕದ ಗಟ್ಟಿ ಪಟ್ಟಿಯಲ್ಲಿ ಈ ಲಾಭ ಕಾಣಲಿಲ್ಲ. ಅಂದರೆ ಶಾರ್ಕಿನ ಚರ್ಮ ತಡೆಯನ್ನು ತಗ್ಗಿಸುವುದರ ಜೊತೆಗೆ, ಬಳುಕುವ ಮೈ ನೀರನ್ನು ಹಿಂದಕ್ಕೆ ನೂಕಿ ಮುನ್ನುಗ್ಗುವ ಬಲಕ್ಕೂ ನೆರವಾಗುತ್ತಿರಬೇಕು ಎಂದು ಸಂಶೋಧಕರು ವಿವರಿಸಿದರು.

ಎದ್ದು ನಿಲ್ಲುವ ಹುರುಪೆಗಳು

ಮಾಕೊ ಎಂಬ ಅತಿ ವೇಗದ ಶಾರ್ಕಿನಲ್ಲಿ ಇನ್ನೊಂದು ವ್ಯವಸ್ಥೆಯೂ ಇದೆ. ಅದರ ಪಕ್ಕೆಯ ಹುರುಪೆಗಳು ಕೇವಲ 0.2 ಮಿಲಿಮೀಟರ್‌ನಷ್ಟು ಉದ್ದವಿದ್ದು, ಪೀಠದಲ್ಲಿ ಸಡಿಲವಾಗಿ ಕೂತಿವೆ. ಹರಿವು ಮೇಲ್ಮೈಯನ್ನು ಬಿಟ್ಟು ಸರಿಯುವ ಮುನ್ನ ಮೇಲ್ಮೈಯ ಹತ್ತಿರದ ನೀರು ಹಿಮ್ಮುಖವಾಗಿ, ಬಾಲದಿಂದ ತಲೆಯ ಕಡೆಗೆ, ಹರಿಯತೊಡಗುತ್ತದೆ. ಆ ಹಿಮ್ಮುಖ ಹರಿವೇ ಹುರುಪೆಗಳನ್ನು ಎಬ್ಬಿಸಿ ನಿಲ್ಲಿಸುತ್ತದೆ. ಅವು 50 ಡಿಗ್ರಿಯವರೆಗೂ ಏಳಬಲ್ಲವು. ಎದ್ದ ಹುರುಪೆಗಳು ಹಿಮ್ಮುಖ ಹರಿವಿಗೆ ಅಡ್ಡಗಟ್ಟೆಯಾಗುವುದರಿಂದ ಮುಖ್ಯ ಹರಿವು ಮೈಗೆ ಅಂಟಿಕೊಂಡೇ ಸಾಗುತ್ತದೆ, ಆಕಾರದಿಂದ ಬರುವ ತಡೆ ಕಡಿಮೆಯಾಗುತ್ತದೆ. ಇದಕ್ಕೆ ಸ್ನಾಯುವಾಗಲೀ ನರದ ಆಜ್ಞೆಯಾಗಲೀ ಬೇಕಿಲ್ಲ. ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಏಮಿ ಲ್ಯಾಂಗ್ ಮತ್ತು ಸಂಗಡಿಗರು ಇದನ್ನು ವರ್ಷಗಳಿಂದ ಅಭ್ಯಸಿಸುತ್ತಿದ್ದಾರೆ. ಹೆಲಿಕಾಪ್ಟರ್ ಮತ್ತು ಗಾಳಿಯಂತ್ರಗಳ ಅಲಗುಗಳಿಗೆ ಇದನ್ನು ಅಳವಡಿಸುವ ಆಲೋಚನೆ ಅವರದ್ದು.

ಅಂಟಲು ಬಿಡದ ಮೇಲ್ಮೈ

ಹಡಗು ನೀರಿಗಿಳಿದ ಕೆಲವೇ ದಿನಗಳಲ್ಲಿ ಅದರ ತಳಕ್ಕೆ ಬ್ಯಾಕ್ಟೀರಿಯಾ, ಪಾಚಿ, ಆಮೇಲೆ ಚಿಪ್ಪುಜೀವಿಗಳು ಅಂಟಿಕೊಳ್ಳತೊಡಗುತ್ತವೆ. ಇದರಿಂದ ತಡೆ ಏರಿ, ಇಂಧನದ ಖರ್ಚು ಗಣನೀಯವಾಗಿ ಹೆಚ್ಚುತ್ತದೆ. ಇದನ್ನು ತಡೆಯಲು ಬಳಸುತ್ತಿದ್ದ ಟಿಬಿಟಿ ಎಂಬ ತವರದ ಸಂಯುಕ್ತ ಕಡಲಿನ ಇತರ ಜೀವಿಗಳಿಗೆ ಎಷ್ಟು ಮಾರಕವಾಗಿತ್ತೆಂದರೆ, 2008ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದ ಅದನ್ನು ನಿಷೇಧಿಸಿತು.

ಫ್ಲಾರಿಡಾ ವಿಶ್ವವಿದ್ಯಾಲಯದ ಆಂಟನಿ ಬ್ರೆನ್ನನ್ ಅಮೆರಿಕದ ನೌಕಾಪಡೆಗಾಗಿ ವಿಷವಿಲ್ಲದ ಪರಿಹಾರ ಹುಡುಕುತ್ತಿದ್ದಾಗ, ನಿಧಾನವಾಗಿ ಚಲಿಸಿದರೂ ಶಾರ್ಕಿನ ಮೈಮೇಲೆ ಪಾಚಿ ಬೆಳೆಯುವುದಿಲ್ಲ ಎಂಬುದನ್ನು ಗಮನಿಸಿದರು. ಚರ್ಮದಂತಗಳ ವಿನ್ಯಾಸವನ್ನು ಆಧರಿಸಿ ಅವರು ರೂಪಿಸಿದ ಮೇಲ್ಮೈಗೆ ಶಾರ್ಕ್‌ಲೆಟ್ ಎಂದು ಹೆಸರು. ಅದರ ಗೆರೆಗಳ ಅಗಲ 2 ಮೈಕ್ರಾನ್, ಎತ್ತರ ಸುಮಾರು 3 ಮೈಕ್ರಾನ್. ಅಂದರೆ ಶಾರ್ಕಿನ ಏಣುಗಳಿಗಿಂತ ಹತ್ತಾರು ಪಟ್ಟು ಚಿಕ್ಕವು. ಶಾರ್ಕಿನಿಂದ ತೆಗೆದುಕೊಂಡದ್ದು ಮಾದರಿಯನ್ನು ಮಾತ್ರ; ಅಳತೆಯನ್ನು ಅಲ್ಲಿ ಅಂಟಲು ಬರುವ ಜೀವಿಯ ಗಾತ್ರಕ್ಕೆ ತಕ್ಕಂತೆ ಬದಲಾಯಿಸಲಾಯಿತು. ಉಲ್ವಾ ಎಂಬ ಕಡಲಪಾಚಿಯ ಬೀಜಕಣಗಳು ನುಣುಪಾದ ಮೇಲ್ಮೈಗೆ ಹೋಲಿಸಿದರೆ ಇದರ ಮೇಲೆ ಶೇಕಡ 85ರಷ್ಟು ಕಡಿಮೆ ನೆಲೆಸಿದವು. 2007ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಆಸ್ಪತ್ರೆಗಳಲ್ಲಿ ಸೋಂಕು ಹರಡುವ ಸ್ಟೆಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾ 14 ದಿನಗಳಲ್ಲಿ ನುಣುಪಾದ ಮೇಲ್ಮೈಯ ಶೇಕಡ 54ರಷ್ಟು ಜಾಗವನ್ನು ಆವರಿಸಿದರೆ, ಶಾರ್ಕ್‌ಲೆಟ್ ಮೇಲ್ಮೈಯಲ್ಲಿ ಆವರಿಸಿದ್ದು ಶೇಕಡ 7ನ್ನು ಮಾತ್ರ.

ಈ ಮೇಲ್ಮೈ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಗೆರೆಗಳ ಉಬ್ಬುತಗ್ಗುಗಳ ಮೇಲೆ ಕೂರಲು ಜೀವಕೋಶ ಹೆಚ್ಚು ಶಕ್ತಿ ವ್ಯಯಿಸಬೇಕಾಗುವುದರಿಂದ ಅದು ಅಲ್ಲಿ ನೆಲೆನಿಂತು ಒಟ್ಟಾಗಿ ಪೊರೆ ಕಟ್ಟುವುದು ಕಷ್ಟವಾಗುತ್ತದೆ. ಕೊಲ್ಲದಿರುವುದರಿಂದಲೇ, ಔಷಧಕ್ಕೆ ಮಣಿಯದ ತಳಿಗಳು ಹುಟ್ಟಿಕೊಳ್ಳುವ ಅಪಾಯವನ್ನು ಇದು ಹೆಚ್ಚಿಸುವುದಿಲ್ಲ. ಮೂತ್ರನಾಳದ ಕ್ಯಾತಿಟರಿನಂಥ, ದೇಹದೊಳಗೆ ದಿನಗಟ್ಟಲೆ ಇರಬೇಕಾದ ಸಾಧನಗಳಿಗೆ ಇದನ್ನು ಬಳಸುವ ಪ್ರಯತ್ನಗಳು ಅದಕ್ಕಾಗಿಯೇ ನಡೆದಿವೆ. ಶಾರ್ಕಿನ ಮೈಗೆ ಏನೂ ಅಂಟುವುದೇ ಇಲ್ಲ ಎಂದು ಇದರಿಂದ ತಿಳಿಯಬಾರದು. ಪರಾವಲಂಬಿಗಳಾದ ಸಣ್ಣ ಕಠಿಣಚರ್ಮಿಗಳೂ, ತಲೆಯ ಮೇಲಿನ ಹೀರುಬಟ್ಟಲಿನಿಂದ ಕಚ್ಚಿಕೊಳ್ಳುವ ರೆಮೋರಾ ಮೀನುಗಳೂ ಶಾರ್ಕಿನ ಮೈಮೇಲೆ ಧಾರಾಳವಾಗಿ ಇರುತ್ತವೆ.

ತಯಾರಿಕೆಯ ತೊಡಕು

ನೇರವಾದ ಏಣುಗಳನ್ನು ಮೂಡಿಸುವ ವಿಧಾನ ಈಗ ಕೈಗೆ ಬಂದಿದೆ. ಗೀರು ಕೊರೆದ ಉರುಳೆಯಿಂದ ಪ್ಲಾಸ್ಟಿಕ್ ಹಾಳೆಯ ಮೇಲೆ ಒತ್ತಬಹುದು, ವಿಮಾನದ ಬಣ್ಣದ ಮೇಲಿನ ಹಸಿ ಲೇಪದಲ್ಲೇ ಅಚ್ಚು ಒತ್ತಿ ಅತಿನೇರಳೆ ಬೆಳಕಿನಿಂದ ಗಟ್ಟಿಗೊಳಿಸಬಹುದು, ಅಥವಾ ಲೇಸರಿನಿಂದ ಕೊರೆಯಬಹುದು. ನಿಜವಾದ ಚರ್ಮದಂತಗಳಂತೆ, ಕತ್ತಿನ ಮೇಲೆ ನಿಂತು ಹಿಂದಕ್ಕೆ ಬಾಗಿ ಒಂದರಡಿ ಒಂದು ಚಾಚಿಕೊಂಡಿರುವ ಬಿಡಿಬಿಡಿ ಹುರುಪೆಗಳನ್ನು ಮೆತ್ತನೆಯ ಹಾಸಿನ ಮೇಲೆ ನೆಡುವುದು ಇದಕ್ಕಿಂತ ಬಹಳ ಕಠಿಣ, ಏಕೆಂದರೆ ಅಂಥ ಆಕಾರ ಅಚ್ಚಿನಿಂದ ಸುಲಭವಾಗಿ ಬಿಟ್ಟುಬರುವುದಿಲ್ಲ. ಲಾಡರ್ ಅವರ ತಂಡ 2014ರಲ್ಲಿ ಮಾಕೊ ಶಾರ್ಕಿನ ಒಂದು ಚರ್ಮದಂತದ ಆಕಾರವನ್ನು ಸ್ಕ್ಯಾನ್ ಮಾಡಿ, ಸಾವಿರಾರು ಪ್ರತಿಗಳನ್ನು ಬಳುಕುವ ಹಾಸಿನ ಮೇಲೆ ಮೂರು ಆಯಾಮದ ಮುದ್ರಣದಿಂದ ಮೂಡಿಸಿತು. ಮುದ್ರಣ ಯಂತ್ರದ ಮಿತಿಯಿಂದಾಗಿ ದಂತಗಳು ಮೂಲಕ್ಕಿಂತ ಸುಮಾರು ಹತ್ತು ಪಟ್ಟು ದೊಡ್ಡವಾಗಿದ್ದವು. ಆದರೂ ಆ ಕೃತಕ ಚರ್ಮ ಹೊದ್ದ ಪಟ್ಟಿಯ ಈಜುವ ವೇಗ, ಅನುಕೂಲಕರ ಸ್ಥಿತಿಯಲ್ಲಿ, ನುಣುಪಾದ ಪಟ್ಟಿಯದಕ್ಕಿಂತ ಶೇಕಡ 6.6ರಷ್ಟು ಹೆಚ್ಚಿತ್ತು, ಶಕ್ತಿಯ ವ್ಯಯ ಶೇಕಡ 5.9ರಷ್ಟು ಕಡಿಮೆಯಿತ್ತು. ದಂತಗಳನ್ನು ಅವುಗಳ ನಿಜವಾದ ಗಾತ್ರದಲ್ಲಿ, ನೂರಾರು ಚದರ ಮೀಟರ್ ವಿಸ್ತೀರ್ಣಕ್ಕೆ, ಕೈಗೆಟಕುವ ಬೆಲೆಯಲ್ಲಿ ತಯಾರಿಸುವುದು ಇನ್ನೂ ಬಾಕಿ ಇರುವ ಕೆಲಸ.